ಕೈಯಲ್ಲಿ ಹಿಡಿಯುವ ಪುಟ್ಟ ಮನೆ

ಮೊನ್ನೆ ಮಳೆಯಲ್ಲಿ ನೆನೆದು ಬಂದು ಕೊಡೆಯನ್ನು ಬಾಗಿಲ ಹಿಂದೆ ಬಿಚ್ಚಿಟ್ಟೆ. ಒದ್ದೆ ಕಪ್ಪು ಬಟ್ಟೆಯ ವಾಸನೆ ಮನೆಯೆಲ್ಲ ಹರಡಿತು. ನೆಲ ಒರೆಸಲು ಬಗ್ಗಿದವಳು ಹಾಗೆಯೇ ಕುಳಿತುಬಿಟ್ಟೆ... ನಾಗಪುರದ ಆ ತರಗತಿ, ಆ ಮಳೆಗಾಲ, ಸಿಸ್ಟರ್.

ಅದು ಐವತ್ತರ ದಶಕ. ಅಪ್ಪನಿಗೆ ಹುಬ್ಬಳ್ಳಿಯಿಂದ ನಾಗಪುರದ ರೈಲ್ವೆಗೆ ವರ್ಗವಾಗಿತ್ತು. ನಾನು ಮೂರನೆಯ ತರಗತಿಯಲ್ಲಿದ್ದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ನಾನು ಬಾಯಿ ತೆರೆದರೆ ಸಾಕು, ಹಿಂದಿನ ಬೆಂಚಿನ ಉದ್ದ ಜಡೆಯವಳು "ಏ ಕಾನಡಿ, ಪರತ್ ಬೋಲ್ ನಾ!" ಎನ್ನುತ್ತಿದ್ದಳು. ಮತ್ತೆ ಹೇಳು ಎಂದದ್ದು ಕೇಳುವುದಕ್ಕಲ್ಲ, ನಗುವುದಕ್ಕೆ. ಕೊನೆಕೊನೆಗೆ ನಾನು ಹಾಜರಿಗೂ ಬರೀ ಕೈ ಎತ್ತುತ್ತಿದ್ದೆ.

ಸಿಸ್ಟರ್ ಸ್ಪೇನ್ ದೇಶದಿಂದ ನಮ್ಮ ಶಾಲೆಗೆ ಬಂದಿದ್ದ ಕ್ರೈಸ್ತ ಸನ್ಯಾಸಿನಿ. ನಮಗೆ ಹೊಲಿಗೆ ಕಲಿಸುತ್ತಿದ್ದರು. ಶನಿವಾರದ ಕೊನೆಯ ಪೀರಿಯಡ್‌ನಲ್ಲಿ ಮಾತ್ರ, ತಾವಾಗಿಯೇ ಇಷ್ಟಪಟ್ಟು, ಸ್ಪ್ಯಾನಿಷ್ ಹೇಳಿಕೊಡುತ್ತಿದ್ದರು. ಅಲ್ಲಿ ನನ್ನನ್ನು ನೋಡಿ ನಗುವಷ್ಟು ಭಾಷೆ ಯಾರಿಗೂ ಬರುತ್ತಿರಲಿಲ್ಲ. ವಾರದಲ್ಲಿ ಆ ಮುಕ್ಕಾಲು ಗಂಟೆ ನಾನು ಮಾತಾಡುತ್ತಿದ್ದೆ.

"ಮರಾಠಿನ ಬರೋಬರ್ ಬರವಲ್ದು, ಅದರಾಗ ಇದೊಂದೇನವಾ? ಯಾರ ಜೋಡಿ ಮಾತಾಡ್ತಿ, ಬೆಕ್ಕಿನ ಜೋಡಿ?" ಎಂದು ಅವ್ವ ರೇಗಿಸುತ್ತಿದ್ದಳು.

"ಸಿಸ್ಟರ್ ಜೋಡಿ" ಎನ್ನುತ್ತಿದ್ದೆ.

ಆ ಮಳೆಗಾಲದ ಒಂದು ಶನಿವಾರವೂ ಎಂದಿನಂತೆಯೇ ಇತ್ತು. ಸಿಸ್ಟರ್ ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿ ತಂದರು. ಒಬ್ಬಳು ಇಣುಕಿ ನೋಡಿ, ಒಳಗಿರುವ ವಸ್ತುವಿನ ಹೆಸರು ಹೇಳದೆ ಉಳಿದವರಿಗೆ ಅದನ್ನು ಸ್ಪ್ಯಾನಿಷ್‌ನಲ್ಲೇ ತಿಳಿಸಬೇಕು. ಪದ ಸಿಗದೆ ತಡವರಿಸಿದರೆ ತಮ್ಮ ಮುರುಕು ಹಿಂದಿಯಲ್ಲಿ "ರುಕೋ ಮತ್, ಘೂಮ್‌ಕೇ ಆವೋ" ಎನ್ನುತ್ತಿದ್ದರು. ನಿಲ್ಲಬೇಡ, ಸುತ್ತು ಹಾಕಿಕೊಂಡು ಬಾ ಎಂದು. ಗಂಟೆ ಹೊಡೆಯಿತು, ಮನೆಗೆ ಹೋದೆವು.

ಸೋಮವಾರ ಹೆಡ್‌ಮಿಸ್ಟ್ರೆಸ್ ಬಂದು, ಶನಿವಾರ ಇನ್‌ಸ್ಪೆಕ್ಟರ್ ಸಾಹೇಬರು ಬರುತ್ತಾರೆ, ಈ ಸ್ಪ್ಯಾನಿಷ್‌ನಿಂದ ಉಪಯೋಗವಿಲ್ಲ ಎಂದು ಅವರು ಹೇಳಿದರೆ ಅವತ್ತೇ ನಿಲ್ಲಿಸುತ್ತೇವೆ ಎಂದರು. ಆ ವಾರ ನನಗೆ ಊಟ ಸೇರಲಿಲ್ಲ.

ಸಾಹೇಬರು ಮಳೆಯಲ್ಲೇ ಬಂದರು. ಸಿಸ್ಟರ್ ಮೊದಲ ಬೆಂಚಿನವಳಿಗೆ ಕಿಟಕಿ ತೋರಿಸಿ ಇದೇನು ಎಂದು ಸ್ಪ್ಯಾನಿಷ್‌ನಲ್ಲಿ ಕೇಳಿದರು. ದಿನಾ ಬೆಳಿಗ್ಗೆ ಮಗ್ಗಿ ಹಾಡಿ ರೂಢಿಯಾಗಿದ್ದ ನಾವು ನಲವತ್ತೂ ಮಂದಿ, ಅದೇ ರಾಗದಲ್ಲಿ, ಒಟ್ಟಿಗೆ ಉತ್ತರ ಕೂಗಿದೆವು!

ಸಾಹೇಬರು ನಕ್ಕರು. "ಸಿಸ್ಟರ್, ಹೀ ತರ್ ಪೋಪಟಪಂಚಿ!" ಬರೀ ಗಿಳಿಪಾಠ ಎಂದು. ಹೆಡ್‌ಮಿಸ್ಟ್ರೆಸ್ ತಲೆಯಾಡಿಸಿದರು.

ಸಿಸ್ಟರ್ ಮುಖ ಕೆಂಪಾಯಿತು. "ಆಪ್ ಚೀಜ್ ಬತಾವೋ. ಬಚ್ಚಾ ಬೋಲೇಗಾ, ಮೈ ಲಾಯೇಗಾ" ಎಂದರು. ನೀವು ಗುಟ್ಟಾಗಿ ಒಂದು ವಸ್ತು ಹೇಳಿ, ಮಗು ಅದನ್ನು ನನ್ನ ಭಾಷೆಯಲ್ಲಿ ಹೇಳಲಿ, ನಾನು ತರುತ್ತೇನೆ. ಅಷ್ಟು ಹೇಳಿ ನನ್ನ ಕಡೆ ಬೆರಳು ತೋರಿಸಿ, ಹೊರಗೆ ವರಾಂಡದಲ್ಲಿ ಬೆನ್ನು ಮಾಡಿ ನಿಂತುಬಿಟ್ಟರು. ನಲವತ್ತು ಮಂದಿಯಲ್ಲಿ ನನ್ನನ್ನೇ ಏಕೆ ಆರಿಸಿದರೋ...

ಸಾಹೇಬರು ಸುತ್ತ ನೋಡಿ, ಮೂಲೆಯಲ್ಲಿ ನೀರು ಸುರಿಸುತ್ತಿದ್ದ ತಮ್ಮ ಕೊಡೆಯ ಮೇಲೆ ಕಣ್ಣು ನಿಲ್ಲಿಸಿದರು. "ಛತ್ರಿ" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಆ ಪದ ನಾವು ಕಲಿತಿರಲಿಲ್ಲ. ಬಾಗಿಲವರೆಗೆ ನಡೆದೆ. ಸಿಸ್ಟರ್ ಬೆನ್ನು ಅಲುಗಲಿಲ್ಲ. ನಿಲ್ಲಬೇಡ, ಸುತ್ತು ಹಾಕಿಕೊಂಡು ಬಾ... ಗೊತ್ತಿದ್ದ ಪದಗಳನ್ನೇ ಒಂದೊಂದಾಗಿ ಜೋರಾಗಿ ಹೇಳಿದೆ: ಪುಟ್ಟ ಮನೆ. ಮಳೆಗೆ. ಕೈಯಲ್ಲಿ.

ಸಿಸ್ಟರ್ ತಿರುಗಿದರು. ಮೇಜು ದಾಟಿ ನೇರ ಮೂಲೆಗೆ ಹೋಗಿ, ಕೊಡೆ ಎತ್ತಿ, ತರಗತಿಯ ನಡುವೆಯೇ ಸಾಹೇಬರ ತಲೆಯ ಮೇಲೆ ಬಿಚ್ಚಿ ಹಿಡಿದರು! ಮುಂದಿನ ಬೆಂಚುಗಳಿಗೆಲ್ಲ ನೀರು ಸಿಡಿಯಿತು. ಕೊಡೆಯ ಕೆಳಗೆ ನಿಂತ ಸಾಹೇಬರು ಮೊದಲು ಬೆಪ್ಪಾಗಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಡ್‌ಮಿಸ್ಟ್ರೆಸ್ ಕೂಡ. ವಾರಕ್ಕೊಂದಿದ್ದ ಪೀರಿಯಡ್ ಎರಡಾಯಿತು.

ಗಂಟೆ ಹೊಡೆದ ಮೇಲೆ ಉದ್ದ ಜಡೆಯವಳು ಓಡಿಬಂದು ನನ್ನ ಕೈ ಹಿಡಿದಳು. "ಏ ಕಾನಡಿ, ಪರತ್ ಬೋಲ್ ನಾ!" ಈ ಸಲ ಅವಳಿಗೆ ನಿಜವಾಗಿ ಕೇಳಬೇಕಿತ್ತು. ಹೇಳಿದೆ, ಮೂರು ಸಲ. ಸೋಮವಾರದಿಂದ ಮರಾಠಿಯನ್ನೂ ತಪ್ಪುತಪ್ಪಾಗಿ ಜೋರಾಗಿಯೇ ಮಾತಾಡಿದೆ.

ಕೊಡೆಗೆ ಸರಿಯಾದ ಪದ ಯಾವುದೆಂದು ಸಿಸ್ಟರನ್ನು ಕೇಳಿದ್ದೆ. "ಬಾದ್ ಮೇ. ತುಮ್ಹಾರಾ ಅಚ್ಛಾ ಹೈ" ಎಂದು ನನ್ನ ಕೆನ್ನೆ ತಟ್ಟಿದ್ದರು. ಆಮೇಲೆ ಹೇಳುತ್ತೇನೆ, ನಿನ್ನದೇ ಚೆನ್ನಾಗಿದೆ ಎಂದು. ದೀಪಾವಳಿಯ ಹೊತ್ತಿಗೆ ಅವರ ಕೆಮ್ಮು ಹೆಚ್ಚಾಯಿತು. ಅವರನ್ನು ಊರಿಗೆ ಕಳಿಸಿದರು. ಮುಂದಿನ ಮಳೆಗಾಲ ಬರುವ ಮೊದಲೇ, ಬೆಳಗಿನ ಪ್ರಾರ್ಥನೆಯಲ್ಲಿ ಸಿಸ್ಟರ್ ತೀರಿಕೊಂಡ ಸುದ್ದಿಯನ್ನು ಹೆಡ್‌ಮಿಸ್ಟ್ರೆಸ್ ಹೇಳಿದರು. ಅಂದು ಅವ್ವ ಬೆಕ್ಕಿನ ಮಾತು ಎತ್ತಲಿಲ್ಲ. ಪಕ್ಕದಲ್ಲಿ ಕೂತು ತಲೆ ಸವರಿದಳು.

ಕೊಡೆ ಈಗ ಒಣಗಿದೆ, ಮಡಿಸಿಟ್ಟಿದ್ದೇನೆ. ಆ ಪದವನ್ನು ಎಷ್ಟೋ ವರ್ಷಗಳ ಮೇಲೆ ನಿಘಂಟಿನಲ್ಲಿ ಹುಡುಕಿ ಕಲಿತೆ. ಅದನ್ನು ಸಿಸ್ಟರ್ ಬಾಯಿಂದ ನಾನು ಕೇಳಲೇ ಇಲ್ಲ.