ನಮ್ಮೂರಿಗೊಬ್ಬ ಅಯ್ಯನವರನ್ನು ಬೇಡಿಕೊಂಡೆ

ಕರ್ತನಲ್ಲಿ ಪ್ರಿಯರಾದವರೇ, ನಾನು ಜಾವಗಲ್ಲಿನ ಟೈಲರ್ ದೇವದಾಸ. ಬರೆಯುವುದು ನನ್ನ ಕಸುಬಲ್ಲ. ಆದರೆ ಕರ್ತನು ಮಾಡಿದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನಿರಲು ಆಗದೆ ಬರೆಯುತ್ತಿದ್ದೇನೆ.

ಆಗಿನ್ನೂ ಊರಿಗೆ ಮೊಬೈಲ್ ಬಂದಿರಲಿಲ್ಲ. ನಮ್ಮದು ಹನ್ನೊಂದು ಮನೆಯ ಪುಟ್ಟ ಸಭೆ. ನಮ್ಮ ಪಾದ್ರಿ ಅಯ್ಯನವರು ಇದ್ದದ್ದು ಬೇಲೂರಿನಲ್ಲಿ, ಅವರ ಪಾಲಿಗೆ ಏಳೆಂಟು ಊರುಗಳು. ನಮಗೆ ಎರಡು ತಿಂಗಳಿಗೊಮ್ಮೆ ಅವರ ದರ್ಶನ. ಉಳಿದ ಭಾನುವಾರಗಳಲ್ಲಿ ವಾಕ್ಯ ಓದಿ ಪ್ರಾರ್ಥನೆ ನಡೆಸುತ್ತಿದ್ದವನು ನಾನು. ಆದರೆ ಕರ್ತನ ಭೋಜನದ ರೊಟ್ಟಿ ಮುರಿದು ಕೊಡಲು ಗುರುದೀಕ್ಷೆ ಆದವರೇ ಬೇಕು.

ಒಂದು ಆಷಾಢದಲ್ಲಿ ನಮ್ಮ ಸಭೆಯ ರಾಹೇಲಜ್ಜಿ ಹಾಸಿಗೆ ಹಿಡಿದರು. ಮೂರು ದಿನ ಅವರು ಕೇಳಿದ್ದು ಕರ್ತನ ಭೋಜನ ಒಂದನ್ನೇ. ಎಸ್‌ಟಿಡಿ ಬೂತಿನಿಂದ ಎರಡು ಸಲ ಫೋನ್ ಮಾಡಿದೆ. ಅಯ್ಯನವರು ಬೇರೆ ಊರಿಗೆ ಹೋಗಿದ್ದರು.

“ನೀನೇ ಕೊಡಪ್ಪ ದೇವದಾಸ. ನೀನೂ ಪ್ರಾರ್ಥನೆ ಮಾಡ್ತೀಯಲ್ಲ” ಎಂದರು ಅಜ್ಜಿ.

“ನಂಗೆ ಅಧಿಕಾರ ಇಲ್ಲ ಕಣಜ್ಜಿ” ಎಂದೆ. ನಾಲ್ಕನೆಯ ದಿನ ಅಯ್ಯನವರು ಬಂದಿಳಿಯುವ ಹೊತ್ತಿಗೆ ಅಜ್ಜಿ ಹೋಗಿಬಿಟ್ಟಿದ್ದರು.

ಅಂದಿನಿಂದ ನನಗೆ ಒಂದೇ ಹಂಬಲ. ಈ ಕೈಯಿಂದ ನಮ್ಮ ಜನಕ್ಕೆ ರೊಟ್ಟಿ ಕೊಡಬೇಕು. ಬೆಂಗಳೂರಿಗೆ ಹೋಗಿ ವರ್ಷಗಟ್ಟಲೆ ಓದೋಣವೆಂದರೆ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು, ಅಂಗಡಿಯಲ್ಲಿ ಒಂದು ಮಿಷಿನ್ನು. ಆಗ ಅಯ್ಯನವರೇ ಅಂಚೆಯ ಮೂಲಕ ಓದುವ ಕೋರ್ಸಿನ ವಿಷಯ ತಿಳಿಸಿದರು. ಪುಸ್ತಕ ಮನೆಗೇ ಬರುತ್ತದೆ. ತಿಂಗಳಿಗೊಂದು ಶನಿವಾರ ಪಾಠದ ಸಾರ್ ರೈಲಿನಲ್ಲಿ ಅರಸೀಕೆರೆಗೆ ಬಂದು, ನಾವು ಬರೆದದ್ದನ್ನು ನೋಡಿ, ತಿಳಿಯದ್ದನ್ನು ತಿಳಿಸುತ್ತಾರೆ. ಐದು ವರ್ಷ ಹೀಗೆ ಓದಿದರೆ ದೀಕ್ಷೆಗೆ ಅರ್ಜಿ ಹಾಕಬಹುದು. ನಾನು ಅಂದೇ ಹೆಸರು ಕೊಟ್ಟೆ.

ಅರಸೀಕೆರೆಯ ಪಾಠದ ಕೇಂದ್ರದಲ್ಲಿ ಮೊದಲು ಐದು ಜನರಿದ್ದೆವು. ಸಂಡೇಸ್ಕೂಲ್ ಮಕ್ಕಳ ಗಿಡ್ಡ ಬೆಂಚುಗಳ ಮೇಲೆ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತು ಕಲಿಯುತ್ತಿದ್ದೆವು. ಮನೆಯಲ್ಲಿ ನನ್ನ ಓದು ನಡೆಯುತ್ತಿದ್ದದ್ದು ಮಿಷಿನ್ ತುಳಿಯುತ್ತಲೇ. ನನ್ನ ಹೆಂಡತಿ ಸರೋಜ ಪಾಠ ಓದಿ ಹೇಳುವಳು. ಚಿಕ್ಕ ಪ್ರಶ್ನೆಗಳ ಕೆಳಗೇ ಉತ್ತರವೂ ಅಚ್ಚಾಗಿರುತ್ತಿತ್ತು. ಅದನ್ನು ಲೈನಿಂಗ್ ಬಟ್ಟೆಯ ತುಂಡಿನಿಂದ ಮುಚ್ಚಿ ನನ್ನನ್ನು ಕೇಳುವಳು. ಪಾಠದ ಕೊನೆಯ ದೊಡ್ಡ ಪ್ರಶ್ನೆಗಳಿಗೆ ಉತ್ತರ ಅಚ್ಚಾಗಿರುತ್ತಿರಲಿಲ್ಲ, ಅವಕ್ಕೆ ನಾನು ಹೇಳಿದ್ದನ್ನು ಅವಳು ಬರೆಯುವಳು. ತಪ್ಪು ಹೇಳಿದರೆ ಪೆನ್ನು ಮುಂದಕ್ಕೆ ಓಡುತ್ತಿರಲಿಲ್ಲ.

“ಅದಲ್ಲ ಕಣ್ರೀ, ಹಿಂದಿನ ಪಾಠದಲ್ಲಿ ಬೇರೆ ಥರ ಐತೆ” ಎಂದು ವಾದಕ್ಕೇ ಇಳಿಯುವಳು. ಕೊನೆಗೆ ಅವಳು ಹೇಳಿದ್ದೇ ಪುಸ್ತಕಕ್ಕೆ ಹೋಗುತ್ತಿತ್ತು.

ಇದರಲ್ಲಿ ತಪ್ಪಿದೆ ಎಂದು ನನಗೆ ಹೊಳೆಯಲೇ ಇಲ್ಲ. ನಾನು ಕತ್ತರಿಸುತ್ತೇನೆ, ಅವಳು ಅಂಚು ಮಡಿಸಿ ಹೆಮ್ಮಿಂಗ್ ಮಾಡಿ ಹುಕ್ಕು ಹಾಕುತ್ತಾಳೆ, ಊರವರು ಅದನ್ನು ದೇವದಾಸ ಹೊಲಿದ ರವಿಕೆ ಎನ್ನುತ್ತಾರೆ. ಪಾಠವೂ ಹಾಗೇ ಅಂದುಕೊಂಡಿದ್ದೆ.

ಎರಡನೆಯ ವರ್ಷ ಒಬ್ಬರಿಗೆ ವರ್ಗವಾಯಿತು, ಇನ್ನೊಬ್ಬರಿಗೆ ಕಾಯಿಲೆ, ಉಳಿದಿಬ್ಬರು ಹೇಳದೆ ಕೇಳದೆ ಬಿಟ್ಟರು. ಉಳಿದವನು ನಾನೊಬ್ಬ. ಒಬ್ಬನಿಗಾಗಿ ಕೇಂದ್ರ ನಡೆಸಲು ನಿಯಮವಿಲ್ಲ, ಮುಂದಿನ ತಿಂಗಳೊಳಗೆ ಇನ್ನೊಬ್ಬರು ಸೇರದಿದ್ದರೆ ಮುಚ್ಚಬೇಕಾಗುತ್ತದೆ ಎಂದರು ಸಾರ್. ನಾನು ಹಳೇಬೀಡಿಗೆ ಹೋದೆ, ಬಾಣಾವರಕ್ಕೆ ಹೋದೆ, ಪರಿಚಯವಿದ್ದ ವಿಶ್ವಾಸಿಗಳ ಮನೆಮನೆಗೆ ಹೋಗಿ ಕೇಳಿದೆ. ಎಲ್ಲರೂ ಕಾಫಿ ಕೊಟ್ಟರು, ಯಾರೂ ಹೆಸರು ಕೊಡಲಿಲ್ಲ.

ಮುಂದಿನ ಪಾಠದ ಶನಿವಾರ ಬಸ್ಸಿನ ಟಾಪಿಗೆ ಕೊಬ್ಬರಿ ಮೂಟೆ ಏರಿಸುವುದರಲ್ಲೇ ಅರ್ಧ ಗಂಟೆ ಹೋಗಿ ನಾನು ತಡವಾಗಿ ತಲುಪಿದೆ. ಸಾರ್ ನನ್ನಿಂದ ಎದುರಿಗೇ ಒಂದು ಪುಟ ಬರೆಸಿ, ಪಾಠದ ಪುಸ್ತಕದ ಪಕ್ಕದಲ್ಲಿಟ್ಟು ನೋಡಿದರು.

“ಇದು ಯಾರ ಅಕ್ಷರ ದೇವದಾಸ್?”

ನನ್ನ ಹೆಂಡತಿ ಸರೋಜಳದು ಎಂದು ಹೇಳಿ, ನಾನು ರವಿಕೆಯ ಲೆಕ್ಕವನ್ನೇ ಒಪ್ಪಿಸಿದೆ. ಅವರು ನಗಲಿಲ್ಲ. ಇದನ್ನು ನಕಲು ಎನ್ನುತ್ತಾರೆ, ಮೇಲಿನವರಿಗೆ ತಿಳಿಸದೆ ವಿಧಿಯಿಲ್ಲ ಎಂದರು. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು, ಮುಖಕ್ಕೆ ಟವೆಲ್ ಮುಚ್ಚಿಕೊಂಡು ಜಾವಗಲ್ ಬರುವವರೆಗೂ ಅತ್ತೆ. ‘ಕರ್ತನೇ, ನಮ್ಮೂರಿಗೊಬ್ಬ ಅಯ್ಯನವರನ್ನು ಕೊಡು’ ಎಂದು ಬೇಡಿದೆ. ಕೊಡಬೇಕಾದ್ದು ಯಾರನ್ನು ಎಂದು ಬಿಡಿಸಿ ಹೇಳಲಿಲ್ಲ. ಅದು ಆತನಿಗೆ ಗೊತ್ತೇ ಇದೆ ಎಂದುಕೊಂಡಿದ್ದೆ.

ಎಂಟು ದಿನಕ್ಕೆ ಸಾರ್ ಬರೆದ ಕಾಗದ ಬಂತು. ಮೇಲೆ ಇದ್ದದ್ದು ಸರೋಜಳ ಹೆಸರು. ಅವಳ ಹೆಸರಿಗೆ ಅಂಚೆ ಬಂದದ್ದು ಅದೇ ಮೊದಲು. ಒಳಗೆ ಸೇರುವ ಅರ್ಜಿಯೂ ನಾಲ್ಕು ಸಾಲೂ ಇದ್ದವು. ‘ಆ ಉತ್ತರಗಳನ್ನು ಮತ್ತೆ ಓದಿ ನೋಡಿದೆ ತಾಯಿ. ನಿಮಗೆ ಮನಸ್ಸಿದ್ದರೆ ಮುಂದಿನ ಪಾಠಕ್ಕೆ ನೀವೂ ಬನ್ನಿ. ದೇವದಾಸ್ ಮೊದಲಿನಿಂದ ತಮ್ಮ ಕೈಯಲ್ಲೇ ಬರೆಯಲಿ ಎಂದಿದ್ದಾರೆ ಮೇಲಿನವರು. ಇಬ್ಬರಾದರೆ ಕೇಂದ್ರ ಉಳಿಯುತ್ತದೆ.’

ನಾನು ಊರೂರು ತಿರುಗಿ ಹುಡುಕಿದ ಆ ಇನ್ನೊಬ್ಬಳು ಮನೆಯಲ್ಲೇ ಕೂತು ಹುಕ್ಕು ಹಾಕುತ್ತಿದ್ದಳು. ಅವಳು ಕಾಗದವನ್ನು ಎರಡು ಸಲ ಓದಿ, ಮಡಿಸಿ, ಮಿಷಿನ್ನಿನ ಡ್ರಾಯರಿನಲ್ಲಿಟ್ಟಳು. ಆಮೇಲೆ ಕೇಳಿದಳು, “ಬಸ್ಸು ಎಷ್ಟೊತ್ತಿಗೆ?”

ಐದು ವರ್ಷ ಒಂದೇ ಬಸ್ಸಿನಲ್ಲಿ ಹೋಗಿಬಂದೆವು. ಸರೋಜ ಎಲ್ಲ ವಿಷಯಗಳನ್ನೂ ಮುಗಿಸಿದಳು. ನನಗೆ ಎರಡು ಉಳಿದವು, ಇಂದಿಗೂ ಉಳಿದಿವೆ. ಅವಳಿಗೆ ದೀಕ್ಷೆ ಎಂದು ತೀರ್ಮಾನವಾದ ದಿನ ನನಗೆ ಸಂತೋಷವಾಯಿತು ಎಂದರೆ ಸುಳ್ಳಾಡಿದಂತೆ. ಹೊಟ್ಟೆ ಉರಿಯಿತು. ಹಂಬಲ ನನ್ನದು, ಉತ್ತರ ಅವಳಿಗೆ ಎಂದು ಮೂರು ದಿನ ಸರಿಯಾಗಿ ಮಾತನಾಡಲಿಲ್ಲ. ದೀಕ್ಷೆಗೆ ಅವಳು ತೊಡಬೇಕಾದ ಬಿಳಿ ನಿಲುವಂಗಿಗೆ ಅಳತೆ ತೆಗೆಯುವಾಗಲೂ ಮುಖ ನೋಡಲಿಲ್ಲ.

ಆದರೂ ಆ ಅಂಗಿಯನ್ನು ನಾನೇ ಹೊಲಿದೆ. ಹೆಮ್ಮಿಂಗನ್ನೂ ನಾನೇ ಮಾಡಿದೆ.

ದೀಕ್ಷೆಯಾದ ಮುಂದಿನ ಭಾನುವಾರ ಜಾವಗಲ್ಲಿನ ನಮ್ಮ ಪ್ರಾರ್ಥನಾ ಮನೆಯಲ್ಲಿ ಸರೋಜ ಅಯ್ಯನವರು ಮೊದಲ ಸಲ ರೊಟ್ಟಿ ಮುರಿದರು. ಹನ್ನೊಂದು ಮನೆಯವರೂ ಬಂದಿದ್ದರು. ಸಾಲಿನ ಕೊನೆಯಲ್ಲಿ ನಾನು ಮೊಣಕಾಲೂರಿದ್ದೆ. ಅವರು ಒಬ್ಬೊಬ್ಬರಿಗೇ ಕೊಡುತ್ತಾ ಬಂದು ನನ್ನೆದುರು ನಿಂತರು. ಆ ಹಂಬಲ ನನ್ನಲ್ಲಿ ಇನ್ನೂ ಇದೆ, ಕರ್ತನಿಂದ ಮುಚ್ಚಿಡುವುದೇನಿದೆ. ಕೊಡಬೇಕೆಂದು ಅಷ್ಟು ವರ್ಷ ಕಾದ ಎರಡು ಕೈಗಳನ್ನೂ ಚಾಚಿ ತೆಗೆದುಕೊಂಡೆ. ಆತನಿಗೆ ಸ್ತೋತ್ರವಾಗಲಿ.