ನನ್ನ ಕೈನಡುಕವನ್ನು ನಾನೇ ನೇಯ್ದೆ

ಮೊದಲು ತಪ್ಪು ಮಗ್ಗದ್ದು ಅಂದುಕೊಂಡೆ.

ಅಜ್ಜಂಪುರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನನ್ನ ಕೈಮಗ್ಗವಿದೆ. ಮದುವೆಗೆ ಮುಂಚೆ ತರೀಕೆರೆಯಲ್ಲಿ ತರಬೇತಿಗೆ ಹೋಗಿ ಕಲಿತ ಕೆಲಸ. ಜಮಖಾನ, ಚೀಲ, ಬಾಗಿಲ ಪರದೆ ನೇಯುತ್ತಿದ್ದೆ. ಆ ಚಳಿಗಾಲದಲ್ಲಿ ಜಮಖಾನದ ಬಲ ಅಂಚು ಒಮ್ಮೆ ಒಳಗೆ, ಒಮ್ಮೆ ಹೊರಗೆ ಎಳೆದುಕೊಳ್ಳತೊಡಗಿತು. ಬಲಗೈಯಿಂದ ಎಸೆದ ನೂಲಿನ ಲಾಳಿ ಅರ್ಧದಲ್ಲೇ ನಿಲ್ಲುತ್ತಿತ್ತು. ಬಡಗಿಯನ್ನು ಕರೆಸಿ ಮಗ್ಗದ ಕಾಲು ಸರಿ ಮಾಡಿಸಿದೆ. ಹಗ್ಗ ಬದಲಿಸಿದೆ. ಅಂಚು ನೇರವಾಗಲಿಲ್ಲ.

ಒಂದು ಸಂಜೆ ಟೀ ಕೊಡಲು ಹೋದಾಗ ತಟ್ಟೆಯ ಮೇಲೆ ಲೋಟ ಟಕಟಕ ಸದ್ದು ಮಾಡಿತು. ನನ್ನ ಗಂಡ ಲೋಟ ತೆಗೆದುಕೊಳ್ಳದೆ ನನ್ನ ಕೈಯನ್ನೇ ನೋಡುತ್ತಾ ಕೂತರು.

"ಯಾವಾಗ್ಲಿಂದ ಹಿಂಗೆ?"

"ಹೆಂಗೆ?"

"ಹೆಬ್ಬೆರಳು ನೋಡೇ."

ನೋಡಿದೆ. ಹೆಬ್ಬೆರಳು ತೋರುಬೆರಳಿಗೆ ತಾಗಿಕೊಂಡು ಬತ್ತಿ ಹೊಸೆಯುವ ಹಾಗೆ ಆಡುತ್ತಿತ್ತು. ಆಡಿಸುತ್ತಿದ್ದವಳು ನಾನಲ್ಲ.

ಕಡೂರಿನ ಡಾಕ್ಟರು ನನ್ನನ್ನು ನಡೆಸಿ ನೋಡಿ, ನ್ಯೂರಾಲಜಿಸ್ಟ್ ಹತ್ತಿರ ಹೋಗಿ ಎಂದು ಚೀಟಿ ಬರೆದರು. ಶಿವಮೊಗ್ಗದಲ್ಲಿ ಎಂ.ಆರ್.ಐ. ಆಯಿತು. ಅಲ್ಲಿನ ನ್ಯೂರಾಲಜಿಸ್ಟ್ ನನ್ನದೇ ವಯಸ್ಸಿನ ಹೆಂಗಸು. ಬೆರಳಿಗೆ ಬೆರಳು ತಟ್ಟಿಸಿದರು, ಮೊಣಕೈ ಮಡಚಿ ಬಿಡಿಸಿದರು, ಒಂದು ಸಾಲು ಬರೆಸಿದರು. ದೊಡ್ಡದಾಗಿ ಶುರುವಾದ ನನ್ನ ಅಕ್ಷರ ಸಾಲಿನ ಕೊನೆಗೆ ಇರುವೆಯಷ್ಟಾಗಿತ್ತು.

"ಪಾರ್ಕಿನ್ಸನ್ಸ್," ಅಂದರು.

ಅದು ಮುದುಕರ ಕಾಯಿಲೆ ಅಂತ ಕೇಳಿದ್ದೆ. ನನಗಿನ್ನೂ ಐವತ್ತು ತುಂಬಿರಲಿಲ್ಲ. ಮುಂದೆ ಡಾಕ್ಟರು ಹೇಳಿದ್ದರಲ್ಲಿ ನನಗೆ ಕೇಳಿಸಿದ್ದು ಸ್ವಲ್ಪವೇ.

"ವಾಸಿ ಆಗುತ್ತೆ ಅಂತ ಸುಳ್ಳು ಹೇಳಲ್ಲ. ಮಾತ್ರೆಯಿಂದ ಹಿಡಿತದಲ್ಲಿ ಇಟ್ಕೋಬಹುದು."

"ನೇಯಬಹುದಾ ಡಾಕ್ಟ್ರೇ?"

"ನೇಯ್ತೀರಾ? ಹಾಗಾದ್ರೆ ಬಿಡಲೇಬೇಡಿ."

ಬಿಟ್ಟೆ.

ಬಿಡುವುದಕ್ಕೆ ಹೆಚ್ಚು ಕಷ್ಟಪಡಬೇಕಾಗಲಿಲ್ಲ. ಮಗ್ಗದ ಮೇಲೆ ಹಳೆಯ ಹೊದಿಕೆ ಹಾಕಿ ಬಾಗಿಲು ಎಳೆದುಕೊಂಡೆ, ಅಷ್ಟೆ. ಮಿಕ್ಕ ಕೆಲಸಗಳು ಹಾಗೆ ಬಿಡುವಂಥವಲ್ಲ. ರವಿಕೆಯ ಹುಕ್ಕು ಹಾಕುವುದು, ಸಾರು ಬಡಿಸುವುದು, ರಂಗೋಲಿಯ ಎಳೆ ಬಿಡುವುದು, ಎಲ್ಲಕ್ಕೂ ಮೊದಲು ಕೈಯನ್ನು ಕೇಳಿಕೊಳ್ಳಬೇಕಾಯಿತು. ಹಿರೇನಲ್ಲೂರಿನಲ್ಲಿರುವ ನನ್ನ ನಾದಿನಿ ಸುಮಿತ್ರಾಳ ಮನೆಯ ಗೃಹಪ್ರವೇಶಕ್ಕೆ ಹೋದಾಗ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಓಡಾಡಿದೆ. ಊಟದ ಹೊತ್ತಿಗೆ ಹಸಿವಿಲ್ಲ ಎಂದೆ. ಹಸಿವಿತ್ತು.

ನಾಲ್ಕನೆಯ ಸಲವೋ ಐದನೆಯ ಸಲವೋ ಶಿವಮೊಗ್ಗಕ್ಕೆ ಹೋದಾಗ ಡಾಕ್ಟರು ಒಂದು ಮಾತು ಹೇಳಿದರು. "ನೀವು ಇಲ್ಲಿಗೆ ಬಂದಾಗೆಲ್ಲ ಮಾತ್ರೆ ಕೆಲಸ ಮಾಡ್ತಿರುತ್ತೆ. ಟ್ರೆಮರ್, ಅಂದ್ರೆ ಈ ನಡುಕ, ನನಗೆ ಕಾಣಲ್ಲ. ಮನೇಲಿ ಯಾವ ಹೊತ್ತಲ್ಲಿ ಜಾಸ್ತಿ ಅಂತ ಗೊತ್ತಾದ್ರೆ ಡೋಸ್ ಹೊಂದಿಸ್ತೀನಿ." ಫೋನಿನ ಅಲುಗಾಟವನ್ನು ದಾಖಲಿಸುವ ಒಂದು ಆ್ಯಪ್ ಇದೆ, ಫೋನನ್ನು ಮುಂಗೈಗೆ ಕಟ್ಟಿಕೊಂಡು ಒಂದು ದಿನ ಇರಿ ಎಂದರು.

ನನ್ನ ಗಂಡ ಅಜ್ಜಂಪುರದಲ್ಲಿ ಆನ್‌ಲೈನ್ ಸೆಂಟರ್ ನಡೆಸುತ್ತಾರೆ. ಪಹಣಿ ತೆಗೆದುಕೊಡುವುದು, ಅರ್ಜಿ ತುಂಬುವುದು, ಜೆರಾಕ್ಸ್. ತಮ್ಮ ಹಳೆಯ ಫೋನನ್ನು ಎಲಾಸ್ಟಿಕ್ ಪಟ್ಟಿಯಲ್ಲಿ ನನ್ನ ಮುಂಗೈಗೆ ಕಟ್ಟಿದರು. ಮರುದಿನ ಸೆಂಟರಿನ ಕಂಪ್ಯೂಟರಿನಲ್ಲಿ ಫೈಲ್ ತೆರೆದರು. ಬರೀ ಅಂಕಿ. ಎಷ್ಟು ಉರುಳಿಸಿದರೂ ಮುಗಿಯದಷ್ಟು ಅಂಕಿ, ಮೈನಸ್ಸು, ಸೊನ್ನೆ, ಚುಕ್ಕಿ.

"ಇದ್ರಲ್ಲಿ ನಾನೆಲ್ಲಿದೀನಿ?" ಎಂದೆ.

"ತಡಿಯೇ, ಹುಡುಕ್ತೀನಿ."

ಹುಡುಕಿದರು. ಒಂದೊಂದು ನಿಮಿಷದ ಅಂಕಿಗಳನ್ನು ಗುಡ್ಡೆ ಹಾಕಿ ಸರಾಸರಿ ತೆಗೆದು ಎಕ್ಸೆಲ್‌ನಲ್ಲಿ ಗ್ರಾಫ್ ಮಾಡಿದರು. ಮಾತ್ರೆ ಹಿಡಿದಾಗ ಗೆರೆ ನೆಲಕ್ಕೆ ಒರಗುತ್ತಿತ್ತು. ಮಾತ್ರೆಯ ಗುಣ ಇಳಿಯುತ್ತಿದ್ದಂತೆ ಎದ್ದು ನಿಲ್ಲುತ್ತಿತ್ತು. ಡಾಕ್ಟರು ಗ್ರಾಫ್ ನೋಡಿ ಮಾತ್ರೆಗಳ ಹೊತ್ತು ಬದಲಿಸಿದರು, ಊಟಕ್ಕೂ ಮಾತ್ರೆಗೂ ನಡುವೆ ಅಂತರ ಇಡಲು ಹೇಳಿದರು. ಬೆಳಗಿನ ಹೊತ್ತು ಕೈ ಬಹಳ ಮಟ್ಟಿಗೆ ನನ್ನ ಮಾತು ಕೇಳತೊಡಗಿತು.

"ಕೆಲ್ಸ ಆಯ್ತಲ್ಲ, ಫೈಲ್ ಅಳಿಸ್ಬಿಡ್ಲಾ?" ಎಂದು ಇವರು ಕೇಳಿದಾಗ ನಾನು ಪ್ರಿಂಟ್ ತೆಗೆದ ಗ್ರಾಫನ್ನು ಅಡ್ಡ ತಿರುಗಿಸಿ ಹಿಡಿದಿದ್ದೆ. ಹಾಗೆ ಹಿಡಿದರೆ ಪ್ರತಿ ನಿಮಿಷವೂ ಒಂದು ಅಡ್ಡ ಸಾಲು. ಕೆಲವು ಉದ್ದ, ಕೆಲವು ಗಿಡ್ಡ. ಒಂದರ ಮೇಲೊಂದು. ಇಪ್ಪತ್ತು ವರ್ಷದಿಂದ ನಾನು ಮಾಡಿಕೊಂಡು ಬಂದ ಕೆಲಸವೂ ಸಾಲಿನ ಮೇಲೆ ಸಾಲು ಕೂರಿಸುವುದೇ ತಾನೆ.

"ಅಳಿಸ್ಬೇಡಿ. ಇದನ್ನ ನೇಯ್ತೀನಿ."

"ನಡುಕಾನ ನೇಯೋಕೂ ನಡುಗ್ದಿರೋ ಕೈ ಬೇಕಲ್ಲೇ."

"ಬೆಳಿಗ್ಗೆ ಇರ್ತದಲ್ಲ, ಸಾಕು."

ಹೊದಿಕೆ ತೆಗೆದೆ. ಬಲ ಅಂಚಿನಿಂದ ಕಡುನೀಲಿ ನೂಲು, ಎಡ ಅಂಚಿನಿಂದ ಬಿಳಿ ನೂಲು. ನಡುಕ ಹೆಚ್ಚಿದ್ದ ಸಾಲಿನಲ್ಲಿ ನೀಲಿ ದೂರ ಹೋಗಿ ಬಿಳಿಯನ್ನು ಮುಟ್ಟಿ ಹಿಂದಿರುಗಬೇಕು, ಕಡಿಮೆ ಇದ್ದಲ್ಲಿ ಬೇಗ ಹಿಂದಿರುಗಬೇಕು. ಎರಡು ಬಣ್ಣ ಕೂಡುವ ಗಡಿಯೇ ನನ್ನ ಒಂದು ದಿನ. ಇದಕ್ಕೆ ಲಾಳಿ ಎಸೆಯುವಂತಿಲ್ಲ. ಮಗ್ಗಕ್ಕೆ ಹಾಸಿದ ಉದ್ದ ಎಳೆಗಳನ್ನು ಬೆರಳಿನಲ್ಲಿ ಎಣಿಸಿ ನೂಲಿನ ಸಣ್ಣ ಉಂಡೆಯನ್ನು ಕೈಯಿಂದಲೇ ತೂರಿಸಬೇಕು. ಒಂದು ಬೆಳಿಗ್ಗೆಗೆ ಒಂದು ಬೆರಳಗಲ ಬಟ್ಟೆ ಬೆಳೆದರೆ ಹೆಚ್ಚು.

ಒಂದು ಕಡೆ ಗೆರೆ ವಿಪರೀತ ಮೇಲಕ್ಕೆ ಹಾರಿತ್ತು. ಎಷ್ಟು ಯೋಚಿಸಿದರೂ ಆ ಹೊತ್ತಿನಲ್ಲಿ ಅಷ್ಟು ನಡುಗಿದ ನೆನಪಿಲ್ಲ. ಆಮೇಲೆ ಹೊಳೆದು ಒಬ್ಬಳೇ ನಕ್ಕೆ. ಅದು ನಡುಕವಲ್ಲ, ಚಟ್ನಿಗೆ ಕಾಯಿ ತುರಿದದ್ದು! ಇವರು ಅದನ್ನು ತೆಗೆದುಹಾಕೋಣ ಎಂದರು. ನಾನು ಒಪ್ಪಲಿಲ್ಲ. ಅದಕ್ಕೆ ಹಸಿರು ನೂಲು ಕೊಟ್ಟೆ. ಕಾಯಿಲೆಯ ನಡುವೆಯೂ ಮಾಡಿದ ಕೆಲಸಕ್ಕೆ ಬೇರೆ ಬಣ್ಣ ಇರಬೇಕು. ಮಧ್ಯಾಹ್ನ ಫೋನು ಸ್ವಲ್ಪ ಹೊತ್ತು ನಿಂತುಹೋಗಿದ್ದ ಕಡೆ ಅಡ್ಡ ನೂಲು ಹಾಕದೆ ಬರಿಯ ಉದ್ದ ಎಳೆಗಳನ್ನೇ ಬಿಟ್ಟೆ. ಅಲ್ಲಿ ಏನಾಯಿತೋ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನೇಯುವುದು ಹೇಗೆ?

ಕೆಲವು ದಿನ ಮಾತ್ರೆ ಕೈಕೊಡುತ್ತಿತ್ತು. ನೀಲಿ ಎರಡು ಎಳೆ ಆಚೆ ಹೋಗಿಬಿಡುತ್ತಿತ್ತು.

"ಇರ್ಲಿ ಬಿಡೇ. ಅದೂ ನಿನ್ನ ನಡುಕಾನೇ ಅಲ್ವಾ?" ಎನ್ನುತ್ತಿದ್ದರು ಇವರು.

ಅಲ್ಲ. ಫೈಲಿನಲ್ಲಿ ಇಲ್ಲದ ನಡುಕ ಬಟ್ಟೆಗೆ ಬರಕೂಡದು. ಬಿಚ್ಚುತ್ತಿದ್ದೆ, ಮತ್ತೆ ನೇಯುತ್ತಿದ್ದೆ. ಮೊದಲಿನಂತೆ ನೇಯಲಾರೆ ಎಂಬ ದುಃಖ ಹೋಗಿತ್ತು ಅಂತ ಹೇಳಲಾರೆ. ಆದರೆ ಮಗ್ಗದ ಮುಂದೆ ಕೂತಷ್ಟು ಹೊತ್ತು ಕಾಯಿಲೆ ನನಗೆ ಏನು ಮಾಡುತ್ತಿದೆ ಎನ್ನುವುದಕ್ಕಿಂತ, ಅದನ್ನು ನಾನು ಏನು ಮಾಡುತ್ತೇನೆ ಎನ್ನುವುದೇ ತಲೆಯಲ್ಲಿರುತ್ತಿತ್ತು.

ಸುಮಿತ್ರಾಗೆ ಇದು ಸುತರಾಂ ಹಿಡಿಸಲಿಲ್ಲ. ನಾನಿರುವ ಮಹಿಳಾ ಸಂಘದವರು ಕಡೂರಿನ ಮಾರಾಟ ಮೇಳದಲ್ಲಿ ಆ ಬಟ್ಟೆಯನ್ನು ತೂಗುಹಾಕಲು ಕೇಳಿದ್ದಾರೆ ಎಂದು ತಿಳಿದ ದಿನವೇ ಬಸ್ಸು ಹತ್ತಿ ಬಂದಳು.

"ಅತ್ತಿಗೆ, ಕಾಯ್ಲೆ ಬಂದ್ರೆ ಮನೇಲಿಟ್ಕೊಂಡು ವಾಸಿ ಮಾಡ್ಕೋತಾರೆ. ನೀನು ಬಟ್ಟೆ ಮಾಡಿ ಊರಿಗೆಲ್ಲ ತೋರಿಸ್ತೀನಿ ಅಂತೀಯಲ್ಲ!"

"ವಾಸಿ ಆಗಲ್ಲ ಕಣೇ ಇದು."

ಅಷ್ಟು ನೇರವಾಗಿ ನಾನು ಯಾರಿಗೂ ಹೇಳಿರಲಿಲ್ಲ, ನನಗೂ ಕೂಡ. ಸುಮಿತ್ರಾಳ ಕಣ್ಣು ತುಂಬಿತು. ಮೂಲೆಯಲ್ಲಿ ಸಿಕ್ಕಾಗಿ ಬಿದ್ದಿದ್ದ ನೀಲಿ ನೂಲನ್ನು ತೊಡೆಯ ಮೇಲೆ ಹಾಕಿಕೊಂಡು ಬಿಡಿಸತೊಡಗಿದಳು. ಕೊನೆಯ ಒಂದು ಮೊಳ ಬಟ್ಟೆಗೆ ಉಂಡೆ ಸುತ್ತಿಕೊಟ್ಟವಳು ಅವಳೇ.

ಮೇಳದ ದಿನ ನನ್ನ ಜೊತೆಗೇ ನಿಂತಳು. ಉಪ್ಪಿನಕಾಯಿ, ಚೀಲಗಳ ನಡುವೆ ನನ್ನ ಬಟ್ಟೆ ಗೋಡೆಯ ತುಂಬ ಇಳಿಬಿದ್ದಿತ್ತು. ಒಬ್ಬ ಹೆಂಗಸು ನೀಲಿಯ ಏರಿಳಿತದ ಮೇಲೆ ಕೈಯಾಡಿಸಿ ಕೇಳಿದರು. "ಚೆನ್ನಾಗೈತೆ. ಏನ್ ಡಿಸೈನ್ ಇದು, ಬೆಟ್ಟದ ಸಾಲಾ?"

ಹೌದು ಅಂದುಬಿಡಬಹುದಿತ್ತು. ಬಲಗೈ ಸೆರಗಿನೊಳಗಿತ್ತು. ತೆಗೆದು ಬಟ್ಟೆಯ ಮೇಲಿಟ್ಟೆ. ಜನ, ಗದ್ದಲ, ಗಾಬರಿ, ಚೆನ್ನಾಗಿಯೇ ನಡುಗುತ್ತಿತ್ತು.

"ಇದು ನನ್ನ ಕೈ ನಡುಗಿದ್ದು. ಒಂದು ದಿನದ್ದು."

ಆಕೆ ಕೈಯನ್ನೂ ಬಟ್ಟೆಯನ್ನೂ ನೋಡಿ, "ಅಯ್ಯೋ ಪಾಪ" ಅಂದರು.

"ಪಾಪ ಯಾಕ್ರೀ?" ಸುಮಿತ್ರಾ ಮುಂದೆ ಬಂದಳು. "ಹೆಂಗೆ ನೇಯ್ದವ್ಳೆ ನೋಡ್ರಿ. ಅಂಚು ನೋಡ್ರಿ, ಎಷ್ಟು ನೆಟ್ಟಗೈತೆ!"

ಆ ದಿನ ಮಧ್ಯಾಹ್ನ ಎಲ್ಲರ ಎದುರೇ ಚಿತ್ರಾನ್ನ ತಿಂದೆ. ನಾಲ್ಕು ಅಗುಳು ಚೆಲ್ಲಿತು.

ಈಗ ಬಲಗಾಲಿನ ಸರದಿ. ನಡೆಯುವಾಗ ಹೆಜ್ಜೆ ಏಳದೆ ನೆಲಕ್ಕೆ ಉಜ್ಜುತ್ತದೆ. ಇದು ಬರಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೂ ಬಂದ ದಿನ ಅತ್ತುಬಿಟ್ಟೆ. ಮಾತ್ರೆ ಇದೆ, ಫಿಸಿಯೋಥೆರಪಿ ಇದೆ, ಪಕ್ಕದಲ್ಲಿ ಇವರಿದ್ದಾರೆ. ಇಷ್ಟೂ ಇಲ್ಲದವರನ್ನು ಆಸ್ಪತ್ರೆಯ ಬೆಂಚಿನ ಮೇಲೆ ನೋಡಿದ್ದೇನೆ, ನನಗಿರುವುದು ಸಣ್ಣದಲ್ಲ.

ಬೆಳಿಗ್ಗೆ ಹೆಜ್ಜೆ ದೊಡ್ಡದಾಗಿ ಇಟ್ಟು ನಡೆಯಬೇಕು ಎಂದಿದ್ದಾರೆ. ಇವತ್ತು ಇವರು ಫೋನನ್ನು ನನ್ನ ಕಾಲಿಗೆ ಕಟ್ಟಿದರು. ಸ್ಟೇಷನ್ ರಸ್ತೆಯಲ್ಲಿ ಹೊರಟೆವು. ಬೀಳುತ್ತೇನೆಂದು ಇವರ ಕೈ ನನ್ನ ಮೊಣಕೈ ಹತ್ತಿರವೇ ಸುಳಿಯುತ್ತಿತ್ತು.

"ಇದನ್ನೂ ನೇಯ್ತೀಯೇನೇ?" ಎಂದು ಕೇಳಿದರು.

"ಕೆಂಪು ನೂಲು ತರ್ಸಿದೀನಿ," ಎಂದೆ. "ನೀವು ಹಿಂಗೆ ಅಂಟ್ಕೊಂಡು ಬಂದ್ರೆ ಅಂಕಿ ಸರಿ ಬರಲ್ಲ. ಅತ್ಲಾಗೆ ಸರೀರಿ, ನಡೀತೀನಿ."