ಬಲಗಿವಿಯ ಕಚ್ಚು

ಮುಗಳಖೋಡದ ಹೊಳೆವ್ವನನ್ನು ನೀವು ಕಂಡಿರಲಿಕ್ಕಿಲ್ಲ. ಆದರೆ ಅವಳ ದನಿ ಕೇಳಿರಬಹುದು. ರಾಯಬಾಗದಿಂದ ಕಾಗವಾಡದವರೆಗೆ ಯಾವುದಾದರೂ ರಸ್ತೆಯಲ್ಲಿ ಕುರಿ ಹಿಂಡು ಅಡ್ಡ ಬಂದು, ನೀವು ಗಾಡಿ ನಿಲ್ಲಿಸಿ ಹಾರ್ನ್ ಹೊಡೆದಾಗ, "ಎಷ್ಟ ಒದರಸ್ತೀಯೋ ತಮ್ಮಾ, ಕುರಿಗೆ ನಿನ್ನ ಅವಸರ ಗೊತ್ತಾಗೂದುಲ್ಲ" ಎಂದು ಯಾರಾದರೂ ಗದರಿಸಿದ್ದರೆ ಅದು ಅವಳೇ. ಐವತ್ತೆಂಟು ವರ್ಷದ ಹೆಂಗಸು. ಗಂಡ ಕಾಡಸಿದ್ದ ಎಷ್ಟು ಮೆದುವೋ ಇವಳು ಅಷ್ಟು ಖಡಕ್.

ಅವರ ಮನೆಯ ಕುರಿಗಳಿಗೆಲ್ಲ ಬಲಗಿವಿಯ ತುದಿಯಲ್ಲಿ ಒಂದು ಕಚ್ಚು. ಯಾವ ಹಿಂಡಿನಲ್ಲಿ ಬೆರೆತರೂ ತಮ್ಮದು ತಮಗೆ ಸಿಗಲಿ ಎಂದು ಕುರುಬರ ಒಂದೊಂದು ಮನೆತನವೂ ಹೀಗೆ ಕಿವಿಗೆ ತನ್ನದೇ ಗುರುತು ಮಾಡುತ್ತದೆ. ಮಾವನ ಕೈ ನಡುಗಲು ಶುರುವಾದ ಮೇಲೆ ಕಚ್ಚು ಹಾಕುವ ಚಾಕು ಹೊಳೆವ್ವನ ಕೈಗೆ ಬಂತು. ಮೂವತ್ತು ವರ್ಷದಿಂದ ಆ ಹಿಂಡಿನ ಒಂದೊಂದು ಕಿವಿಯೂ ಅವಳ ಕೈಯಲ್ಲೇ ಹಾಯ್ದು ಹೋಗಿದೆ.

ಇಂಥವಳ ಮೇಲೆ ಕುರಿ ಕದ್ದ ಕೇಸು ಬಿತ್ತು ಅಂದರೆ ನಂಬುತ್ತೀರಾ? ನನಗಂತೂ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಆದದ್ದು ಇಷ್ಟು. ಕಾಗವಾಡದ ಹತ್ತಿರ ದ್ರಾಕ್ಷಿ ಬೆಳೆಯುವ ದಾದಾಸಾಹೇಬ ಎಂಬ ಸಾಹುಕಾರ ಗೊಬ್ಬರಕ್ಕಾಗಿ ಮೂರು ದಿನ ತನ್ನ ಹೊಲದಲ್ಲಿ ಹಿಂಡು ತರುಬಲು, ಅಂದರೆ ರಾತ್ರಿ ಅಲ್ಲೇ ಕೂಡಿಹಾಕಲು, ಇವರನ್ನು ಕರೆಸಿದ. ಅವನೂ ಶೋಕಿಗೆಂದು ಎಂಟು ಕುರಿ ಸಾಕಿದ್ದ. ನಾಲ್ಕನೆಯ ದಿನ ಹಿಂಡು ಹೊರಟಿತು. ಅವತ್ತೇ ಅವನ ಎಂಟು ಕುರಿಯೂ ಕಾಣಲಿಲ್ಲ. ಅವು ಎಲ್ಲಿ ಹೋದುವೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ದಾದಾಸಾಹೇಬ ಮಾತ್ರ ಹಿಂದುಮುಂದು ನೋಡದೆ ಪೊಲೀಸರನ್ನು ಕರೆದುಕೊಂಡು ಬಂದು, ದಾರಿಯಲ್ಲಿ ಹಿಂಡು ತಡೆದು, ಗಬ್ಬದ ಎಂಟು ದಷ್ಟಪುಷ್ಟ ಕುರಿ ಆರಿಸಿ ಇವೇ ನಮ್ಮವು ಅಂದುಬಿಟ್ಟ. ಟೆಂಪೋದಲ್ಲಿ ಹೇರಿ ತನ್ನ ಶೆಡ್ಡಿಗೇ ಒಯ್ದ. ಪಂಚನಾಮೆ ಬರೆದದ್ದೂ ಆ ಶೆಡ್ಡಿನಲ್ಲೇ. ಕೇಸು ಮುಗಿಯುವವರೆಗೆ ಕುರಿ ಅವನ ತಾಬಾದಲ್ಲೇ ಇರಲಿ ಎಂದು ಆದೇಶವೂ ಆಯಿತು.

ಆಮೇಲೆ ಶುರುವಾಯಿತು ನೋಡಿ ಕಾಯುವ ಕೆಲಸ. ಹೆಸರು ಬರೆಯಲು ಬಾರದ ಹೊಳೆವ್ವನಿಗೆ ಎರಡು ಇಂಗ್ಲಿಷ್ ಮಾತು ಬಾಯಿಪಾಠವಾದವು. ಚಾರ್ಜಶೀಟ್ ಆದರೆ ಕೋರ್ಟು, ಕಟಕಟೆ, ವರ್ಷಗಟ್ಟಲೆ ಓಡಾಟ. ಬಿ ರಿಪೋರ್ಟ್ ಆದರೆ ಕೇಸೇ ನಿಜವಲ್ಲವೆಂದು ಪೊಲೀಸರೇ ಫೈಲು ಮುಚ್ಚುತ್ತಾರೆ. ಹಿಂಡು ಎಲ್ಲೇ ಇರಲಿ, ಸೋಮವಾರ ಬಂತೆಂದರೆ ಅವಳು ಬಸ್ಸು ಹಿಡಿದು ಠಾಣೆಗೆ ಹೋಗುವಳು. ಸಮಾಧಾನ ಎಂಬ ಪೇದೆ ಅವಳನ್ನು ಕಂಡ ಕೂಡಲೇ, "ಇನ್ನೂ ಏನೂ ಆಗಿಲ್ಲ ಆಯಿ" ಅನ್ನುವನು. ಚಹಾ ಕುಡಿಸಿ ಕಳಿಸುವನು. ಪಾಪ, ಒಳ್ಳೆಯ ಹುಡುಗನೇ.

ಕುರಿ ಹೋದದ್ದಕ್ಕಿಂತ ಹೆಚ್ಚಾಗಿ ಹೆಸರು ಹೋದದ್ದು ಅವಳನ್ನು ಸುಟ್ಟಿತು. ಹತ್ತು ವರ್ಷದಿಂದ ತಪ್ಪದೆ ಕರೆಯುತ್ತಿದ್ದ ಬೇಡಕಿಹಾಳದ ಈಶ್ವರ, ಕಬ್ಬು ಕಟಾವಾದ ಹೊಲ ಖಾಲಿ ಬಿದ್ದಿದ್ದರೂ, "ಈ ವರ್ಷ ಬ್ಯಾಡ ಬಿಡವ್ವ" ಎಂದು ಫೋನಿನಲ್ಲೇ ಮುಗಿಸಿದ. ಅವತ್ತು ಅವಳು ರೊಟ್ಟಿ ಮುಟ್ಟಲಿಲ್ಲ.

ಕಾಡಸಿದ್ದ ಮೆಲ್ಲಗೆ ಅಂದ, "ಎಂಟ ಕುರಿ ಹೋದ್ರ ಹೋಗ್ಲಿ. ತಪ್ಪಾತು ಅಂತ ಸಾಹುಕಾರ್ರ ಕಾಲಿಗೆ ಬಿದ್ರ ಕೇಸ ಹಿಂದ ತಗೀತಾರಂತ."

"ಕಾಲಿಗೆ ಬಿದ್ರ ಕದ್ದೇನಿ ಅಂದಂಗ ಆತಲ್ಲೋ!" ಹೊಳೆವ್ವ ಸಿಡಿದಳು. "ಜೇಲಿಗೆ ಬೇಕಾದ್ರ ಹೋಗ್ತೇನಿ. ಕಳ್ಳಿ ಅಂತ ಅನಿಸ್ಕೊಳ್ಳಾಕ ಒಲ್ಲೆ."

ಐದನೆಯ ತಿಂಗಳು ಸಮಾಧಾನನೇ ಫೋನು ಮಾಡಿದ. ದನಿ ಸಣ್ಣಗಿತ್ತು.

"ಆಯಿ, ನಮ್ಮ ಪಿಎಸ್ಐ ಮೇಡಂ ಈ ವಾರ ಚಾರ್ಜಶೀಟ್ ಹಾಕಾಕತ್ತಾರ. ನಿನ್ನ ಮಾತ ನಿನಗ ಅಡ್ಡ ಬಂದೈತಿ. ನಮ್ಮ ಕುರಿಗೆ ಬಲಗಿವಿ ಕಚ್ಚು ಅಂತ ನೀ ಬರಸಿದಿ. ಸಿಕ್ಕ ಎಂಟೂ ಕುರಿಗೆ ಎಡಗಿವಿ ಕಚ್ಚು ಅಂತ ಪಂಚನಾಮೆದಾಗ ಐತಿ. ನಾನ ಬರದೇನಿ. ದಾದಾಸಾಹೇಬ್ರೂ ಎಡಗಿವೀನ ಅಂದಾರ, ತಮ್ಮ ಕೈಲೇನ ಕಚ್ಚು ಹಾಕೇನಿ ಅಂದಾರ. ಮತ್ತ ಕುರಿ ಅವರದ ಆತಲ್ಲ?"

ಹೊಳೆವ್ವ ಕೇಳಿದಳು, "ಬರಿಯೂಮುಂದ ನೀ ಎಲ್ಲಿ ನಿಂತಿದ್ದೆಪಾ?"

"ಎಲ್ಲಿ ಅಂದ್ರ? ಕುರಿ ಮುಂದ."

"ಸಾಹುಕಾರ್ರು?"

"ಅವರೂ ನನ್ನ ಬಾಜೂಕನ."

ಐದು ತಿಂಗಳಲ್ಲಿ ಮೊದಲ ಸಲ ಹೊಳೆವ್ವ ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೆಂಡತಿಗೆ ತಲೆ ಕೆಟ್ಟಿತೆಂದು ಕಾಡಸಿದ್ದ ನೀರಿನ ತಂಬಿಗೆ ಹಿಡಿದು ಓಡಿಬಂದ.

ಕುರಿಯನ್ನು ಎದುರಿನಿಂದ ನೋಡುವವರು ಕೊಳ್ಳುವವರು, ತಿನ್ನುವವರು. ಕಾಯುವವರು ಹಿಂದೆ ನಡೆಯುತ್ತಾರೆ. ಕಿವಿಗೆ ಕಚ್ಚು ಹಾಕುವಾಗಲೂ ಹಿಂದಿನಿಂದ ಬಂದು ಎರಡು ಕಾಲಿನ ನಡುವೆ ಹಿಡಿಯುತ್ತಾರೆ. ಕುರಿಯ ಬಲ ತಮ್ಮ ಬಲವೇ. ಎದುರು ನಿಂತವನಿಗೆ ಅದೇ ಬಲಗಿವಿ ಅವನ ಎಡಗೈ ಕಡೆ ಕಾಣುತ್ತದೆ. ಎದುರು ನಿಂತು ಕಂಡದ್ದನ್ನೇ ಸಾಹುಕಾರ ಬರೆಸಿದ್ದ, ಸಮಾಧಾನ ಬರೆದಿದ್ದ! ಹಿಂಡಿನ ಒಂದು ಕುರಿಯನ್ನು ತಂದು ಪಕ್ಕದಲ್ಲಿ ನಿಲ್ಲಿಸಿ ನೋಡುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ.

ಮರುದಿನ ಠಾಣೆಯಲ್ಲಿ ಪಿಎಸ್ಐ ಮನೀಷಾ ಮೇಡಂ ಫೈಲಿನಿಂದ ತಲೆ ಎತ್ತುವ ಮೊದಲೇ ಹೊಳೆವ್ವ ಶುರು ಮಾಡಿದಳು. "ಮೇಡಮ್ಮಾರ, ನಾ ನಿಮ್ಮ ಎದುರಿಗೆ ನಿಂತೇನಿ ಅಂತ ನಿಮ್ಮ ಬಲಗೈ ಎಡಗೈ ಆಕ್ಕೈತೇನ್ರಿ? ಮತ್ತ ನಮ್ಮ ಕುರಿದ್ಯಾಕ ಆತ್ರಿ?"

ಮೇಡಂ ಪಂಚನಾಮೆ ತೆಗೆದು ಓದಿದರು. ಸಮಾಧಾನನ ಮುಖ ನೋಡಿದರು. ಅವನು ನೆಲ ನೋಡಿದ.

"ಜೀಪ್ ತಗೀರಿ" ಅಂದರು ಮೇಡಂ.

ದಾದಾಸಾಹೇಬನ ಶೆಡ್ಡಿನಲ್ಲಿ ಎಂಟೂ ಕುರಿ ಮರಿ ಹಾಕಿದ್ದವು. ಮೇಡಂ ಬಹಳ ಗೌರವದಿಂದಲೇ ಕೇಳಿದರು, "ನೀವ ಕಚ್ಚು ಹಾಕೇನಿ ಅಂದೀರಲ್ರಿ ಸಾಹುಕಾರ್ರ. ಹೆಂಗ ಹಾಕಿದ್ರಿ, ಒಮ್ಮೆ ಹಿಡದು ತೋರಸ್ರಿ."

"ಅರೆ, ಅದರಾಗ ಏನೈತಿ!" ಎಂದು ಸಾಹುಕಾರ ಬಿಳಿ ಪ್ಯಾಂಟು ಮೇಲೆತ್ತಿಕೊಂಡು, ಮರಿ ಹಾಕಿದ ಕುರಿಯ ನೇರ ಎದುರಿಗೆ ಹೋಗಿ ನಿಂತ. ಎಡಗಿವಿ ಎಂದು ಹೇಳುತ್ತ ಬಲಗಿವಿಗೆ ಕೈ ಹಾಕಿದ. ಕುರಿ ಎರಡು ಹೆಜ್ಜೆ ಹಿಂದೆ ಸರಿಯಿತು. ಹೆದರಿತು ಅಂದುಕೊಂಡನೋ ಏನೋ, ಇನ್ನೂ ಬಗ್ಗಿದ. ಕೊಟ್ಟಿತು ನೋಡಿ ಒಂದು ಗುದ್ದು! ಸಾಹುಕಾರ ಹಿಕ್ಕೆಯಲ್ಲಿ ಅಂಗಾತ ಬಿದ್ದು, "ಬಾಪ್ರೇ" ಅಂದ. ಕೂಲಿ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು.

ಹೊಳೆವ್ವ ನಗಲಿಲ್ಲ. "ಹ್ಯೋ ಹ್ಯೋ" ಎನ್ನುತ್ತ ಹಿಂದಿನಿಂದ ಹೋಗಿ ಅದೇ ಕುರಿಯನ್ನು ಕಾಲ ನಡುವೆ ಹಿಡಿದಳು. ಐದು ತಿಂಗಳ ಮೇಲೆ ಕೇಳಿದ ದನಿಗೆ ಕುರಿ ಕಲ್ಲಿನ ಹಾಗೆ ನಿಂತಿತು. ಅವಳ ಕಣ್ಣಲ್ಲಿ ನೀರು ಬಂತು. ಆದರೂ ಬಾಯಿ ನಿಲ್ಲಲಿಲ್ಲ. "ಕುರೀದ ಮಾರಿ ಎತ್ತಾಗೋ ನಮ್ಮ ಮಾರೀನೂ ಅತ್ತಾಗ. ಈಗ ಹೇಳ್ರಿ ಮೇಡಮ್ಮಾರ, ಕಚ್ಚು ಯಾವ ಕಡೆ ಐತಿ?"

ಅಷ್ಟರಲ್ಲಿ ಬೇಲಿಯ ಆಚೆ ಗಂಟೆ ಸದ್ದು. ಯಾರಿಗೂ ಒಂದು ಮಾತು ಎದುರಾಡದ ಕಾಡಸಿದ್ದ, ಯಾರೂ ಹೇಳದೆ, ರಾತ್ರಿಯೇ ಹೊರಟು, ಇಡೀ ಹಿಂಡನ್ನೇ ಹೊಡೆದುಕೊಂಡು ಬಂದು ನಿಲ್ಲಿಸಿದ್ದ! ಮೇಡಂ ಹಿಂಡಿನೊಳಗೆ ನಡೆದು ಒಂದೊಂದೇ ಕಿವಿ ನೋಡಿದರು. ಅದೇ ಜಾಗ, ಅದೇ ಓರೆ, ಅದೇ ಕೈ.

ಬಿ ರಿಪೋರ್ಟ್ ಹೋಯಿತು. ಕೋರ್ಟು ಒಪ್ಪಿತು. ಸುದ್ದಿ ಅವಳಿಗಿಂತ ಮುಂಚೆ ಬೇಡಕಿಹಾಳ ತಲುಪಿತು. ಈಶ್ವರ ಫೋನು ಮಾಡಿ, "ಯವ್ವಾ, ನಂದ ತಪ್ಪಾತು. ಹೊಲ ಹಂಗ ಬಿಟ್ಟೇನಿ, ಬಾರವ್ವ" ಅಂದ. "ಬರ್ತೇನಿ. ಮೊದಲ ನಿನಗ ನಾಕ ಮಾತ ಬೈದ ಆಮ್ಯಾಲೆ ಕುರಿ ತರುಬ್ತೇನಿ" ಅಂದಳು ಹೊಳೆವ್ವ. ಬೈದಳು ಕೂಡ.

ಸಮಾಧಾನನ ಜೊತೆ ಕುರಿ ಬಿಡಿಸಿಕೊಳ್ಳಲು ಹೋದ ದಿನ ದಾದಾಸಾಹೇಬ ಇನ್ನೊಂದು ತಕರಾರು ತೆಗೆದ. "ಕುರಿ ಒಯ್ಯಿ. ಮರಿ ನಮ್ಮ ಶೆಡ್ಡಿನ್ಯಾಗ ಹುಟ್ಯಾವ, ಅವಕ್ಕ ಎಲ್ಲಿ ಐತಿ ನಿನ್ನ ಗುರುತು?"

ಹೊಳೆವ್ವ ಶೆಡ್ಡಿನ ಬಾಗಿಲು ತೆಗೆದಳು. ಎಂಟು ತಾಯಿಗಳ ಹಿಂದೆ ಮರಿಗಳೆಲ್ಲ ಬ್ಯಾ ಎನ್ನುತ್ತ ಓಡಿಬಂದವು. ಅವಳು ಅದೇ ಸಾಹುಕಾರನ ಅಂಗಳದಲ್ಲಿ, ಅಷ್ಟೂ ಜನರ ಎದುರಿಗೆ, ಸೊಂಟದ ಚೀಲದಿಂದ ಚಾಕು ಮತ್ತು ಅರಿಷಿಣದ ಪುಡಿ ತೆಗೆದು ಮೊದಲ ಮರಿಯನ್ನು ಕಾಲ ನಡುವೆ ಹಿಡಿದಳು. ಕಚ್ಚು ಹಾಕಿ ಅರಿಷಿಣ ಒತ್ತಿದಳು.

"ಸಮಾಧಾನಾ, ಕುರಿ ಕೊಟ್ಟದ್ದಕ್ಕ ಏನೋ ಬರಕೊಳ್ಳಬೇಕಂದಿ ಅಲ್ಲ? ಬರಕೋ. ಇದಕ್ಕ ಯಾವ ಕಿವಿ?"

ಸಮಾಧಾನ ಪೆನ್ನು ತೆಗೆದ. ಬರೆಯುವ ಮೊದಲು ಸುತ್ತು ಹಾಕಿಕೊಂಡು ಹೋಗಿ ಹೊಳೆವ್ವನ ಬೆನ್ನ ಹಿಂದೆ ನಿಂತುಕೊಂಡ.